ನೋಡ್ಕೊಂಡು ಬರಿ

ನಮ್ಮತ್ತೆಗೆ ದೇವರ ಮೇಲೆ ಭಕ್ತಿ, ಕಾಫಿಯ ಮೇಲೆ ಪ್ರೀತಿ. ಜಂಬ ಮಾತ್ರ ತಲೆಗೂದಲಿನ ಮೇಲೆ. ಮೈಸೂರಿನ ಮಗಳ ಮನೆಯಿಂದ ಐರ್ಲೆಂಡಿನ ಕಾರ್ಕ್‌ನ ನಮ್ಮ ಮನೆಗೆ ಬೇಸಿಗೆ ಕಳೆಯಲು ಬಂದಾಗ ಅವರ ಸೂಟ್‌ಕೇಸಿನಲ್ಲಿ ಸೀರೆಗಿಂತ ಜಾಸ್ತಿ ಕೊಬ್ಬರಿ ಎಣ್ಣೆ, ಸೀಗೆಪುಡಿ, ಸಾಂಬ್ರಾಣಿ ಇದ್ದವು. ನನ್ನ ಬಾಬ್ ಕಟ್ ನೋಡಿದವರೇ, "ಕೂದಲಿರೋಳು ಹೆಂಗ್ ಬೇಕಾದ್ರೂ ತುರುಬು ಕಟ್ತಾಳೆ ಬಿಡಮ್ಮ" ಎಂದರು. ನಾನು ಕೇಳಿಸದವಳ ಹಾಗೆ ಕುಕ್ಕರ್ ಇಟ್ಟೆ.

ನಿಜ ಹೇಳಬೇಕೆಂದರೆ ಆ ಕೂದಲು ಈಗ ಮೊದಲಿನ ಹಾಗಿಲ್ಲ. ಉದ್ದ ಇದೆ, ಆದರೆ ದಪ್ಪ ಹೋಗಿದೆ. ಬೈತಲೆ ಅಗಲವಾಗಿ ನೆತ್ತಿ ಕಾಣುತ್ತದೆ. ಅದನ್ನು ಅವರ ಮುಂದೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗಿದೆ? "ನಿಮ್ ಕೂದಲು ಹಂಗೇ ಇದೆ ಅತ್ತೆ" ಎನ್ನುತ್ತೇನೆ. ಹಾಲಿಹಿಲ್‌ನ ಆಫೀಸಿನಿಂದ ಬಂದ ನನ್ನ ಗಂಡ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಹೌದಮ್ಮ, ಹಂಗೇ ಇದೆ" ಎನ್ನುತ್ತಾನೆ. ಅತ್ತೆ ಬಾಚಣಿಗೆ ಎತ್ತಿಟ್ಟು ತುರುಬು ಕಟ್ಟಿಕೊಳ್ಳುತ್ತಾರೆ.

ಇದರ ಮಧ್ಯೆ ನಮ್ಮ ಮಗಳಿಗೆ ಹುಚ್ಚು ಹಿಡಿಯಿತು. ಅವಳು ಇಲ್ಲೇ ಹುಟ್ಟಿದವಳು, ಶಾಲೆಯ ಕೊನೆಯ ವರ್ಷ. ಕನ್ನಡ ಅರ್ಥವಾಗುತ್ತದೆ, ಉತ್ತರವೆಲ್ಲ ಕಾರ್ಕ್ ರಾಗದ ಇಂಗ್ಲಿಷಿನಲ್ಲಿ. ಚಿತ್ರಕಲೆಯ ಪಾಠದಲ್ಲಿ ಯಾರೋ ಪ್ರೀ-ರಾಫೆಲೈಟರಂತೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಲಂಡನ್ನಿನಲ್ಲಿದ್ದ ಇಪ್ಪತ್ತರ ಆಸುಪಾಸಿನ ಹುಡುಗರು. ಹಳೇ ಇಟಲಿಯ ಗುರುವೊಬ್ಬನ ಹಾಗೇ ಎಲ್ಲರೂ ನಯವಾಗಿ, ಚೆಂದವಾಗಿ ಬರೆಯಬೇಕು ಎಂದ ಮೇಷ್ಟ್ರುಗಳ ಮೇಲೆ ಸಿಟ್ಟಾಗಿ ಗುಟ್ಟಾಗಿ ಸಂಘ ಕಟ್ಟಿಕೊಂಡರಂತೆ. ಬೇಲಿಯ ಮುಂದೆ ಕೂತು ಒಂದೊಂದು ಎಲೆಯನ್ನೂ ಇದ್ದ ಹಾಗೇ ಬರೆದರಂತೆ. ಏಸುವಿನ ಮನೆಯವರನ್ನು ಕೊಳಕು ಉಗುರಿನ ಬಡಗಿಗಳ ಹಾಗೆ ಬರೆದು ಊರವರಿಂದ ಉಗಿಸಿಕೊಂಡರಂತೆ. ಮಾಡೆಲ್ ಹುಡುಗಿಯೊಬ್ಬಳನ್ನು ಸ್ನಾನದ ತೊಟ್ಟಿಯಲ್ಲಿ ಮಲಗಿಸಿ ಶೀತ ಹಿಡಿಸಿದರು ಎಂದಾಗ ನಾನು, "ಅವರಮ್ಮಂದಿರು ನಾಲ್ಕು ಬಾರಿಸ್ಬೇಕಿತ್ತು" ಎಂದೆ. ಆ ಹುಡುಗರಿಗೆ ಬಿಚ್ಚುಗೂದಲ ಹೆಂಗಸರೆಂದರೆ ಪ್ರಾಣವಂತೆ. ಹಾಗಾಗಿ ಪರೀಕ್ಷೆಯ ಚಿತ್ರಕ್ಕೆ ಮಗಳಿಗೆ ಬೇಕಾದದ್ದು ಅಜ್ಜಿಯ ಬಿಚ್ಚಿದ ಕೂದಲು.

"ಹಾಡಹಗಲಲ್ಲಿ ಕೂದಲು ಕೆದರ್ಕೊಂಡು ಕೂರೋಕೆ ನಾನೇನು ದೆವ್ವಾನಾ?" ಎಂದರು ಅತ್ತೆ. ಮುಗಿಯಿತು ಎಂದುಕೊಂಡೆ. ಆದರೆ ಶನಿವಾರ ಅವರು ಎಣ್ಣೆ ಹಚ್ಚಿ ತಲೆಗೆ ನೀರು ಹಾಕಿಕೊಂಡಾಗ ಕೂದಲು ಒಣಗಲೇಬೇಕಲ್ಲ! ಮಗಳು ಕಿಟಕಿಯ ಹತ್ತಿರ ಕುರ್ಚಿ ಹಾಕಿ ತಯಾರಾಗಿ ನಿಂತಿದ್ದಳು. ಅತ್ತೆ ಕೂತರು, ಬಾಣಲೆಯಲ್ಲಿ ಕೆಂಡ ಮಾಡಿಸಿ ಸಾಂಬ್ರಾಣಿ ಹಾಕಿದರು. ಹೊಗೆ ಎದ್ದಿತು, ಕೂದಲಿಗೆ ಹಿಡಿಯಿತು, ಜೊತೆಗೆ ಸ್ಮೋಕ್ ಅಲಾರಮ್ಮಿಗೂ ಹಿಡಿಯಿತು. ಅಯ್ಯೋ ಆ ಕೂಗೇ! ಪಕ್ಕದ ಮನೆಯಾಕೆ ಮನೆಯೊಳಗಿನ ಚಪ್ಪಲಿಯಲ್ಲೇ ಓಡಿ ಬಂದು ಬಾಗಿಲು ಬಡಿದಳು. ನಾನು ಪೊರಕೆಯಿಂದ ಅಲಾರಮ್ ಕುಟ್ಟುತ್ತಲೇ, "ಗ್ರ್ಯಾಂಡ್, ಗ್ರ್ಯಾಂಡ್, ಆಲ್ ಗ್ರ್ಯಾಂಡ್!" ಎಂದು, ಏನೂ ಆಗಿಲ್ಲ ಅನ್ನೋದನ್ನು ಇಲ್ಲಿಯವರ ಮಾತಿನಲ್ಲೇ ಕೂಗಿದೆ. ಅತ್ತೆ ಕದಲಲಿಲ್ಲ. ಮಗಳು ಆಗಲೇ ಬರೆಯಲು ಶುರು ಮಾಡಿದ್ದಳು.

ಆಗ ನನಗೆ ಹೊಳೆಯಿತು. ಈ ಹುಡುಗಿ ಇದ್ದದ್ದು ಇದ್ದ ಹಾಗೇ ಬರೆದರೆ ಗತಿ ಏನು? ನೆತ್ತಿ ಕಂಡರೆ ಅತ್ತೆಯ ಮನಸ್ಸು ಮುರಿಯುತ್ತದೆ, ಮುಂದಿನ ತಿಂಗಳು ಅದನ್ನೇ ಹೊತ್ತುಕೊಂಡು ಊರಿಗೆ ಹೋಗುತ್ತಾರೆ. ಹತ್ತಿರ ಹೋಗಿ ಮಗಳ ಕಿವಿಯಲ್ಲಿ ಬೇಗ ಬೇಗ, "ಬೈತಲೆ... ನೋಡ್ಕೊಂಡು ಬರಿ" ಎಂದೆ. ಅವಳು ಗಂಭೀರವಾಗಿ ತಲೆ ಆಡಿಸಿದಳು. ಸದ್ಯ, ಅರ್ಥವಾಯಿತಲ್ಲ ಎಂದು ನಿರಾಳವಾದೆ.

ಆಮೇಲಿನ ಶನಿವಾರಗಳು ಚೆನ್ನಾಗಿದ್ದವು. ಸಾಂಬ್ರಾಣಿಯನ್ನು ಹಿತ್ತಲಿಗೆ ದಬ್ಬಿದ್ದೆ. ಅತ್ತೆ ಕನ್ನಡದಲ್ಲಿ ತಮ್ಮ ಪಾಡಿಗೆ ಮಾತಾಡುತ್ತಿದ್ದರು, ಮಗಳು ಇಂಗ್ಲಿಷಿನಲ್ಲಿ "ಯಾ, ಯಾ" ಎನ್ನುತ್ತಿದ್ದಳು. ನಾನು ಸೊಪ್ಪು ಬಿಡಿಸುತ್ತ ಕೂರುತ್ತಿದ್ದೆ. ಲಿಟಲ್ ಐಲ್ಯಾಂಡಿನ ಔಷಧಿ ಕಾರ್ಖಾನೆಯಲ್ಲಿ ವಾರವಿಡೀ ಸೀಸೆ ಪರೀಕ್ಷಿಸಿ ಬಂದವಳಿಗೆ ಅದಕ್ಕಿಂತ ಸುಖ ಬೇರೆ ಬೇಡ.

ಚಿತ್ರ ಮುಗಿದ ದಿನ ನೋಡಿದೆ. ಕೂದಲಿನ ಒಂದೊಂದು ಎಳೆಯೂ ಇತ್ತು. ನಡುವೆ ಬೈತಲೆ, ಬೋಳು ನೆತ್ತಿಯ ಸಮೇತ, ಬೆಳ್ಳಗೆ, ಅಗಲವಾಗಿ.

"ಬೈತಲೆ ನೋಡ್ಕೊಂಡು ಬರಿ ಅಂದಿದ್ನಲ್ಲೇ!"

"ಐ ಡಿಡ್, ಮಮ್! ಯೂ ಸೆಡ್ ಅಜ್ಜಿ ಬೈತಾಳೆ, ಸೋ ಲುಕ್ ಆಂಡ್ ಪೇಂಟ್."

ಬೈತಲೆಯನ್ನು ಬೈತಾಳೆ ಮಾಡಿಕೊಂಡಿದ್ದಾಳೆ ಮಹಾತಾಯಿ! ನೋಡ್ಕೊಂಡು ಅಂದರೆ ಹುಷಾರಾಗಿ ಅಂತ ನಾನು ಹೇಳಿದರೆ, ಅವಳು ಕಣ್ಣಿಟ್ಟು ನೋಡಿ ಅಂತ ತಿಳಿದಿದ್ದಾಳೆ. ಅಜ್ಜಿ ಬೈದಾರು ಎಂಬ ಭಯಕ್ಕೆ ಇನ್ನಷ್ಟು ನೋಡಿ ನೋಡಿ ಬರೆದಿದ್ದಾಳೆ. ಎರಡೇ ಎರಡು ಗೆರೆ ಕೂದಲು ಎಳೆದು ಮುಚ್ಚು ಎಂದು ಗೋಗರೆದೆ. "ದಟ್ಸ್ ಚೀಟಿಂಗ್" ಎಂದಳು. ನಾನೇ ಕುಂಚಕ್ಕೆ ಕೈ ಹಾಕುವಷ್ಟರಲ್ಲಿ ಅತ್ತೆ ಕಾಫಿ ಲೋಟ ಹಿಡಿದು ಬಂದರು.

ಲೋಟ ಇಟ್ಟರು. ಕನ್ನಡಕ ಹಾಕಿಕೊಂಡರು. ಚಿತ್ರದ ಹತ್ತಿರ ಹೋಗಿ ನಿಂತರು, ಕೈ ತಾನಾಗಿಯೇ ತಮ್ಮ ನೆತ್ತಿಗೆ ಹೋಯಿತು.

"ಇಷ್ಟಗಲ ಆಗಿದ್ಯಾ?"

"ಇಲ್ಲ ಅತ್ತೆ, ಅವಳಿಗಿನ್ನೂ ಬರಿಯೋಕೆ ಸರಿಯಾಗಿ..."

"ಸುಮ್ನಿರೇ. ದಿನಾ ಬಾಚಣಿಗೇಲಿ ಬರೋದನ್ನ ಉಂಡೆ ಕಟ್ಟಿ ಬಿಸಾಕೋಳು ನಾನು, ನಂಗೊತ್ತಿಲ್ವಾ? ನೀವೆಲ್ಲ ಹಂಗೇ ಇದೆ, ಹಂಗೇ ಇದೆ ಅಂದಾಗ್ಲೆಲ್ಲ ಏನನ್ಸೋದು ಗೊತ್ತಾ? ಇವ್ರು ಯಾರೂ ತಲೆ ಎತ್ತಿ ನನ್ನನ್ನ ನೋಡೋದೇ ಇಲ್ಲ ಅನ್ಸೋದು."

ಅವರು ಮಗಳ ಗಲ್ಲ ಹಿಡಿದು, "ಇವಳೊಬ್ಬಳು ನೋಡಿದ್ಳು" ಎಂದರು. ಆಮೇಲೆ ಮತ್ತೆ ಅದೇ ಕುರ್ಚಿಯಲ್ಲಿ ಕೂತು, ಕಟ್ಟಿದ್ದ ತುರುಬನ್ನು ತಾವೇ ಬಿಚ್ಚಿ, ಎಡಗಿವಿಯ ಮೇಲಿನ ಕೂದಲನ್ನು ಬೆರಳಿನಿಂದ ಸರಿಸಿದರು. ಅಲ್ಲೊಂದು ಹಳೆಯ ಹೊಲಿಗೆಯ ಗುರುತು.

"ಇದೊಂದು ಬಿಟ್ಟಿದ್ದೀಯ ಮರಿ. ಚಿಕ್ಕೋಳಿದ್ದಾಗ ಮೆಟ್ಟಿಲ ಮೇಲಿಂದ ಬಿದ್ದಿದ್ದು. ನಿಮ್ ತಾತಂಗೂ ತೋರಿಸಿರ್ಲಿಲ್ಲ, ಯಾವಾಗ್ಲೂ ಇಲ್ಲಿ ಕೂದಲು ಇಳಿಸಿ ಬಾಚ್ಕೋತಿದ್ದೆ. ಇದನ್ನೂ ಹಾಕು."

ಮಗಳು ಮತ್ತೆ ಬಣ್ಣ ಕಲಸತೊಡಗಿದಳು. ಇಷ್ಟು ವರ್ಷ ಸೊಸೆಯಾಗಿದ್ದೂ ನಾನು ಆ ಗುರುತನ್ನು ಕಂಡಿರಲಿಲ್ಲ. ಒಳಗೆ ಹೋಗಿ ನನ್ನ ಕನ್ನಡಕ ತಂದೆ, ಅತ್ತೆಯ ಪಕ್ಕದಲ್ಲಿ ಬಗ್ಗಿ ನೋಡಿದೆ.