ಏಳನೆಯ ತೊಟ್ಟಿಲ ಗಿಟುಕು

ನಮ್ಮ ಅಡುಗೆಮನೆಯ ಸಜ್ಜದ ಮೇಲೆ, ಸಕ್ಕರೆ ಡಬ್ಬಕ್ಕೂ ಉಪ್ಪಿನಕಾಯಿ ಜಾಡಿಗೂ ನಡುವೆ, ಮಟ್ಟೆ ಸುಲಿಯದ ಒಂದು ತೆಂಗಿನಕಾಯಿ ಹೋದ ಬೇಸಿಗೆಯಿಂದ ಕೂತಿದೆ. ಹಾಸನದ ನಮ್ಮ ಮನೆಗೆ ಬಂದವರೆಲ್ಲ ಅದನ್ನು ನೋಡಿ, ಪೂಜೆಗೆ ತಂದು ಮರೆತದ್ದೇ ಎಂದು ಕೇಳುತ್ತಾರೆ. ನಾನು ದಿನಾ ಕಾಫಿಗೆ ಮುಂಚೆ ಅದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಸದ್ದು ಬಾರದಿದ್ದರೆ ಮತ್ತೆ ಅಲ್ಲೇ ಇಡುತ್ತೇನೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಉಂಡೆ ಕೊಬ್ಬರಿಯಾಗಿ, ಚಿಪ್ಪಿನ ಕೈಬಿಟ್ಟು ತಾನೇ ತಾನಾದ ದಿನ ಅದು ಗಿಟುಕ್ ಎನ್ನಬೇಕು. ಚನ್ನರಾಯಪಟ್ಟಣದ ಕಡೆ ಅಂಥ ಕಾಯಿಗೆ ಗಿಟುಕು ಎಂದೇ ಹೆಸರು. ಅದಕ್ಕಾಗಿ ವರ್ಷದ ಹತ್ತಿರ ಅಟ್ಟದ ಮೇಲಿಟ್ಟು ಕಾಯಬೇಕು. ಕಾಯುವುದೆಂದರೆ ಕಾದಿರುವುದೂ ಹೌದು, ಕಾವಲಿರುವುದೂ ಹೌದು ಎಂದು ಇಪ್ಪತ್ತು ವರ್ಷದಿಂದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನಾನು ಹೇಳುತ್ತ ಬಂದಿದ್ದೇನೆ. ಎರಡನ್ನೂ ಒಟ್ಟಿಗೆ ಮಾಡುತ್ತಿದ್ದ ನಮ್ಮವ್ವನನ್ನು ಗಮನಿಸಲು ಮಾತ್ರ ನನಗೆ ಬಿಡುವಾಗಿರಲಿಲ್ಲ.

ಅವ್ವನ ಊರು ಹಿರೀಸಾವೆಯ ಹತ್ತಿರ. ಬದುಕೆಲ್ಲ ತೆಂಗಿನ ತೋಟದಲ್ಲಿ ಕಳೆದವಳು. ನಾವು ಮಕ್ಕಳಾಗಿದ್ದಾಗ, ಆಮೇಲೆ ನಮ್ಮ ಮಕ್ಕಳು ಮಕ್ಕಳಾಗಿದ್ದಾಗ, ಎಲ್ಲಿಗೆ ಆಟಕ್ಕೆ ಹೋದರೂ ಎಲ್ಲರ ಚಪ್ಪಲಿ, ನೀರಿನ ಬಾಟಲಿ, ಬಿಚ್ಚಿದ ಸ್ವೆಟರುಗಳೆಲ್ಲ ಅವಳ ಬಟ್ಟೆಚೀಲದ ಸುತ್ತ ಗುಡ್ಡೆಯಾಗುತ್ತಿದ್ದವು. ನಾವು ಜಾತ್ರೆಯ ತಿರುಗುವ ತೊಟ್ಟಿಲ ಮೇಲಿನಿಂದ ಕೈಬೀಸಿದರೆ ಅವಳು ಕೆಳಗಿನಿಂದ ಬೀಸುತ್ತಿದ್ದಳು. ನೀನೂ ಕೂರುತ್ತೀಯಾ ಎಂದು ಯಾರೂ ಕೇಳಿದ ನೆನಪಿಲ್ಲ. ಹೋದ ಬೇಸಿಗೆಯಲ್ಲಿ ಅವಳನ್ನು ಕಾರಿನಲ್ಲಿ ಹಾಸನಕ್ಕೆ ಕರೆತರುತ್ತಿದ್ದಾಗ, ಹಿರೀಸಾವೆ ದಾಟಿ ಸ್ವಲ್ಪ ದೂರದಲ್ಲಿ, ಹೆದ್ದಾರಿ ಪಕ್ಕ ಹೊಸದಾಗಿ ಎದ್ದ ಮೋಜಿನ ಪಾರ್ಕಿನ ಜೈಂಟ್ ವೀಲ್ ಕಾಣಿಸಿತು. ಅವ್ವ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು, "ಅದ್ರಾಗೆ ಒಂದು ಸಾರಿ ಕೂತ್ಕೋಬೇಕು ಕಣೆ," ಎಂದಳು. ಅರವತ್ತೆಂಟು ವರ್ಷಕ್ಕೆ ಅವಳು ತನಗೆಂದು ಕೇಳಿದ್ದು ಅಷ್ಟೇ ಎಂದು ಹೊಳೆಯಿತು. ಗಾಡಿ ತಿರುಗಿಸಿದೆ.

ಎತ್ತರವೆಂದರೆ ಹೆದರುವ ನಾನು ಮಹಡಿಯ ಮೆಟ್ಟಿಲನ್ನೂ ಗೋಡೆ ಹಿಡಿದೇ ಹತ್ತುವವಳು. ಅವಳು ಕೂರಲಿ, ಈ ಸಾರಿ ಚೀಲ ನಾನು ಹಿಡಿಯುತ್ತೇನೆಂದು ಲೆಕ್ಕ ಹಾಕಿ, ದೊಡ್ಡ ತ್ಯಾಗ ಮಾಡಿದವಳಂತೆ ಸಾಲಿನಲ್ಲಿ ನಿಂತೆ. ಪಕ್ಕದ ಫಲಕದಲ್ಲಿ 'ಇಲ್ಲಿಂದ ನಲವತ್ತು ನಿಮಿಷ' ಎಂದು ಬರೆದಿತ್ತು. ಮನುಷ್ಯನ ಬದುಕಿನಲ್ಲಿ ಅಲ್ಲಲ್ಲಿ ಇಂಥ ಒಂದು ಫಲಕ ನೆಟ್ಟಿದ್ದರೆ ಎಷ್ಟೋ ಜಗಳ ತಪ್ಪುತ್ತಿತ್ತು ಎಂದುಕೊಂಡೆ. ಆದರೆ ಇಲ್ಲಿ ಫಲಕವಿದ್ದೂ ಜಗಳ ತಪ್ಪಿರಲಿಲ್ಲ. ಚಕ್ರಕ್ಕೆ ಅಂಕಿ ಬರೆದ ಹನ್ನೆರಡು ತೊಟ್ಟಿಲು. ಅದನ್ನು ನಡೆಸುವ ಸಿದ್ದೇಶ, ಹೊಳೆನರಸೀಪುರದ ಕಡೆಯವನು, ಹೆಗಲ ಮೇಲೆ ಗ್ರೀಸ್ ಮೆತ್ತಿದ ಬಟ್ಟೆ ಹಾಕಿಕೊಂಡು ಸಾಲಿನ ಉದ್ದಕ್ಕೂ ಕಣ್ಣಾಡಿಸುತ್ತಿದ್ದ. ಮುಂದೆ ನಿಂತ ಸಣಕಲು ದಂಪತಿಯನ್ನು ಬಿಟ್ಟು ಹಿಂದಿನ ದಢೂತಿ ಸಂಸಾರವನ್ನು ಕರೆದಾಗ ಗುಸುಗುಸು ಶುರುವಾಯಿತು. "ಅವ್ನ ಕಡೆಯೋರು ಇರ್ಬೇಕು ಬಿಡಿ," ಎಂದರೊಬ್ಬರು. ಸಿದ್ದೇಶ ನಕ್ಕ. "ಕಡೆ ನೋಡಾದು ನಿಜ ಸಾ. ಈ ಕಡೆ ಎಷ್ಟು ತೂಕವೋ ಎದುರು ಕಡೆನೂ ಅಷ್ಟೇ ಇರ್ಬೇಕು. ಇಲ್ದಿದ್ರೆ ಮೋಟ್ರು ಎಳೆಯಾಕಿಲ್ಲ." ಯಾರೂ ಅವನನ್ನು ನಂಬಿದಂತೆ ಕಾಣಲಿಲ್ಲ.

ನಾವು ಕಬ್ಬಿಣದ ಕಟಕಟೆಯ ಹತ್ತಿರ ಬಂದೆವು. ನಮ್ಮ ಮುಂದೆ ಇನ್ನು ನಾಲ್ಕೇ ಜನ. ಅವ್ವ ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡು, ದೇವಸ್ಥಾನಕ್ಕೆ ಹೋಗುವವಳಂತೆ ಚಪ್ಪಲಿಯನ್ನೂ ಆಗಲೇ ಬಿಟ್ಟು ಚೀಲಕ್ಕೆ ತುರುಕಿದ್ದಳು. ಅಷ್ಟರಲ್ಲಿ ಅವಳ ತಲೆ ಒಂದು ಪಕ್ಕಕ್ಕೆ ವಾಲಿತು. ಸಾವಿರಾರು ಕಾಯಿಗಳನ್ನು ಕಿವಿಗೆ ಹಿಡಿದು ಬೇರೆ ಮಾಡುವಾಗಿನ ಅದೇ ಭಂಗಿ. ಧ್ವನಿವರ್ಧಕದಲ್ಲಿ ಹಾಡು ಅರಚುತ್ತಿತ್ತು. ನನಗೆ ಏನೂ ಕೇಳಿಸಲಿಲ್ಲ.

"ಅಪ್ಪಾ," ಎಂದು ಸಿದ್ದೇಶನನ್ನು ಕರೆದಳು, "ಆ ಏಳನೇದು ಕೆಳೀಕೆ ಬಂದಾಗೆಲ್ಲ ಗಿಟುಕ್ ಅಂತೈತೆ ಕಣಪ್ಪ."

ಹೇಳಲು ನಾಚಿಕೆಯಾಗುತ್ತದೆ, ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು? ಆ ಗಳಿಗೆಯಲ್ಲಿ ನನ್ನ ಮನಸ್ಸು ಅಂದದ್ದು ಇಷ್ಟೇ: ಇನ್ನು ಹತ್ತು ನಿಮಿಷ ಸುಮ್ಮನಿರಬಾರದಿತ್ತೆ ಇವಳು, ತನ್ನ ಸರದಿ ಮುಗಿಯುವವರೆಗೆ? ಸಿದ್ದೇಶ ಹಾಗೆ ಯೋಚಿಸಲಿಲ್ಲ. ಕೈ ಸನ್ನೆ ಮಾಡಿ ಹಾಡು ನಿಲ್ಲಿಸಿದ, ಚಕ್ರವನ್ನು ನಿಧಾನಕ್ಕೆ ತಿರುಗಿಸಿದ, ಕಣ್ಣು ಮುಚ್ಚಿ ಕೇಳಿದ. ಎರಡನೆಯ ಸುತ್ತಿಗೆ ಅವನ ಮುಖ ಬದಲಾಯಿತು. ಈ ಕಡೆಯ ಒಂದು, ಎದುರಿನ ಒಂದು ಎಂದು ತೊಟ್ಟಿಲುಗಳನ್ನು ಜೋಪಾನವಾಗಿ ಖಾಲಿ ಮಾಡಿಸಿ, ಬಾಗಿಲಿಗೆ ಸರಪಳಿ ಹಾಕಿದ.

"ಬೆಳಿಗ್ಗೆ ಎಲ್ಲ ಬೋಲ್ಟೂ ತಟ್ಟಿ ನೋಡಿದ್ದೆ ಅವ್ವಾ, ಸರಿಯಾಗೇ ಇತ್ತು. ಒಳಗೆ ತೊಟ್ಟಿಲು ತೂಗೋ ಕೀಲಿನ ಬುಷ್ ಸವೆದೈತೆ. ಬಿಚ್ಚಿ ಬೇರೆ ಹಾಕಾಕೆ ಎರಡು ಗಂಟೆಯಾದ್ರೂ ಬೇಕು."

ಸಾಲು ಸಿಡಿಮಿಡಿಗೊಂಡಿತು. "ಅಜ್ಜಿ ಮಾತು ಕೇಳ್ಕೊಂಡು ನಿಲ್ಸವ್ನೆ, ಈವಮ್ಮಂಗೆ ಮಿಷನ್ ಬಗ್ಗೆ ಏನು ಗೊತ್ತು?" ಎಂದು ಒಬ್ಬಾತ ಅವಳಿಗೆ ಕೇಳುವಂತೆಯೇ ಅಂದ. ಹತ್ತು ನಿಮಿಷದಲ್ಲಿ ಜನ ಚದುರಿದರು. ಅವ್ವ ಕಲ್ಲುಬೆಂಚಿನ ಮೇಲೆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಎಂದಿನ ಜಾಗ, ಎಂದಿನ ಕೆಲಸ. "ಓಗ್ಲಿ ಬಿಡು ಮಗ, ನಡಿ ಹಾಸನಕ್ಕೆ," ಎಂದಳು. ದನಿ ಸಣ್ಣದಾಗಿತ್ತು. ನನಗೆ ಯಾಕೋ ಹಟ ಬಂತು. ಕಾಯೋಣ ಎಂದೆ.

ಆ ಎರಡು ಗಂಟೆ ನಾನು ಆ ಚಕ್ರವನ್ನು ಮೊದಲ ಸಲ ಸರಿಯಾಗಿ ನೋಡಿದೆ. ನಾವು ಎರಡು ನಿಮಿಷ ಕೇಕೆ ಹಾಕಲೆಂದು ಯಾರೋ ಒಬ್ಬರು ಮುಂಜಾನೆಯೇ ಬಂದು ತಟ್ಟಿ, ತಡವಿ, ಎಣ್ಣೆ ಉಣಿಸಿರುತ್ತಾರೆ. ಎಲ್ಲ ಸರಿಯಿದ್ದ ದಿನ ಅವರ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಕಣ್ಣಿಗೆ ಬಿದ್ದ ದಿನ ಬೈಗುಳ. ನಮ್ಮ ಮನೆಯೂ ಹಾಗೆಯೇ ತಿರುಗುತ್ತಿತ್ತಲ್ಲ, ಅದರ ಕೀಲುಗಳಿಗೆಲ್ಲ ಎಣ್ಣೆ ಬಿಟ್ಟವಳು ಪಕ್ಕದಲ್ಲೇ ಬರಿಗಾಲಲ್ಲಿ ಕೂತಿದ್ದಾಳಲ್ಲ ಎನಿಸಿ, ಅವಳ ಕೈ ಹಿಡಿದುಕೊಂಡೆ. "ಯಾಕೆ, ತಲೆನೋವಾ?" ಎಂದು ಕೇಳಿದಳು.

ಬಿಸಿಲು ಇಳಿಯುವ ಹೊತ್ತಿಗೆ ಸಿದ್ದೇಶ ಚಕ್ರವನ್ನು ಮೊದಲು ಬರಿದಾಗಿ, ಆಮೇಲೆ ಮರಳಿನ ಮೂಟೆ ಹಾಕಿ ತಿರುಗಿಸಿ ನೋಡಿ, ಅವಳನ್ನು ಕರೆದ. "ಈಗ ಕೇಳಿ ಅವ್ವಾ."

ಅವ್ವ ಕಿವಿಗೊಟ್ಟಳು. "ಎಳನೀರಿನಂಗೆ ತುಂಬ್ಕೊಂಡೈತೆ. ಸದ್ದೇ ಇಲ್ಲ." ಆಮೇಲೆ, "ನಾ ಅದ್ರಾಗೇ ಕೂತ್ಕೋತೀನಿ," ಎಂದಳು.

ಆಗ ಸಿದ್ದೇಶ ನನ್ನನ್ನು ಮೇಲಿಂದ ಕೆಳಗೆ ಅಳೆದು ನೋಡಿದ. "ಮೇಡಮ್ಮೋರು ಎದುರು ಒಂದನೇದ್ರಾಗೆ ಕೂರ್ಬೇಕು. ತೂಕ ಸಮ ಆಯ್ತದೆ." ನಾಲ್ಕು ಜನರೆದುರು ನನ್ನ ತೂಕ ಹೀಗೆ ಇತ್ಯರ್ಥವಾಯಿತು, ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಚೀಲವನ್ನು ಅವ್ವ ಸಿದ್ದೇಶನ ಕೈಗೆ ಕೊಟ್ಟಳು. ಅವಳ ಚೀಲವನ್ನು ಇನ್ನೊಬ್ಬರು ಕಾದದ್ದನ್ನು ನಾನು ಕಂಡದ್ದು ಅದೇ ಮೊದಲು.

ನಾನು ಮೇಲಿದ್ದಾಗ ಅವಳು ಕೆಳಗೆ, ಅವಳು ಮೇಲೇರಿದರೆ ನಾನು ಕೆಳಗೆ. ಕಣ್ಣು ಬಿಗಿಯಾಗಿ ಮುಚ್ಚಿದ್ದ ನಾನು ಒಂದು ಸಲ ಕೆಳಗಿನಿಂದ ಕಣ್ತೆರೆದು ನೋಡಿದೆ: ಆಕಾಶಕ್ಕೆ ತಾಗಿ ಅವಳ ಒಡೆದ ಹಿಮ್ಮಡಿಗಳು, ಬೀಸುತ್ತಿದ್ದ ಒಂದು ಕೈ. ನಾನು ಕೆಳಗಿನಿಂದ ಕೈಬೀಸಿದೆ.

ಇಳಿದ ಮೇಲೆ ಅವ್ವ ಸಿದ್ದೇಶನಿಂದ ಚೀಲ ಇಸಿದುಕೊಂಡಳು. ಆಮೇಲೆ ಹೇಳಿದಳು. "ಐವತ್ತು ವರ್ಸ ಬುಡಕ್ಕೆ ನೀರು ಆಯಿಸಿದೀನಿ. ತೆಂಗಿನ ಸುಳೀನ ಮೇಲಿಂದ ನೋಡಿರ್ನಿಲ್ಲ ಕಣೆ. ಊವಿನಂಗೆ ಬಿಚ್ಕೊಂಡಿರ್ತದೆ." ಹಾಸನಕ್ಕೆಂದು ಊರಿಂದ ತಂದಿದ್ದ ಎರಡು ಕಾಯಿಗಳನ್ನು ಚೀಲದಿಂದ ತೆಗೆದು, ಗಿಟುಕು ಆದದ್ದನ್ನು ಸಿದ್ದೇಶನಿಗೂ, ಆಗದ್ದನ್ನು ನನಗೂ ಕೊಟ್ಟಳು. ಸಿದ್ದೇಶ ಅದನ್ನು ಅಲ್ಲಾಡಿಸಿ ನಕ್ಕ. ಅವನ ಚಕ್ರದಲ್ಲಿ ಆ ಸದ್ದು ಬಂದರೆ ನಿಲ್ಲಿಸಬೇಕು, ಅವಳ ಅಟ್ಟದಲ್ಲಿ ಬಂದರೆ ಸುಲಿಯಬೇಕು.

ಇವತ್ತು ಬೆಳಿಗ್ಗೆ ಕಾಫಿಗೆ ಮುಂಚೆ ನನ್ನ ಕಾಯಿ ಗಿಟುಕ್ ಎಂದಿತು. ಅವ್ವನಿಗೆ ಫೋನು ಮಾಡಿ, ಮಾತಾಡದೆ, ಫೋನಿನ ಹತ್ತಿರವೇ ಅಲ್ಲಾಡಿಸಿದೆ. ಆ ಕಡೆ ಅವಳ ತಲೆ ವಾಲಿದ್ದು ನನಗೆ ಕಂಡಂತಾಯಿತು.

"ಆಗೈತೆ. ಒಡಿ, ಇನ್ನ ಕಾಯಬ್ಯಾಡ," ಎಂದಳು. ಮತ್ತೆ ಹೇಳಿದಳು. "ಬರೋ ಬಾನ್ವಾರ ಬತ್ತೀನಿ. ದಾರೀಲಿ ಇನ್ನೊಂದು ಸಾರಿ ಕೂತ್ಕಳಾನ. ಈ ಸಾರಿ ಚೀಲ ತರಾಕಿಲ್ಲ."