ಪೆನ್‌ಡ್ರೈವ್ ಒಪ್ಪದ ಗ್ರಾಂಟ್ ರೋಡಿನ ಡಾಸ್ ಯಂತ್ರ

೨೦೧೭ರಲ್ಲಿ ನಾನು ಮುಂಬಯಿಯ ಗೋರೆಗಾಂವ್‌ನ ಒಂದು ಸಣ್ಣ ಕಂಪನಿಯಲ್ಲಿ ಸೀನಿಯರ್ ಸರ್ವಿಸ್ ಇಂಜಿನಿಯರ್ ಆಗಿದ್ದೆ. ಕಾರ್ಖಾನೆಗಳಲ್ಲಿ ಯಂತ್ರಗಳನ್ನು ನಡೆಸುವ ಹಳೆಯ ಕಂಪ್ಯೂಟರುಗಳ ರಿಪೇರಿ ನಮ್ಮ ಕೆಲಸ. ಹೊಸದನ್ನು ಮಾರುವವರು ಊರ ತುಂಬ ಇದ್ದರು, ಹಳೆಯದನ್ನು ಬದುಕಿಸುವವರು ಕಡಿಮೆ. ಹೆಂಗಸೊಬ್ಬಳು ಟೂಲ್‌ಬ್ಯಾಗ್ ಹೊತ್ತು ಬಂದರೆ, ಅವಳ ಹಿಂದೆ ಇಂಜಿನಿಯರ್ ಯಾರಾದರೂ ಬರುತ್ತಿದ್ದಾರೆಯೇ ಎಂದು ಗಿರಾಕಿಗಳು ಇಣುಕುವುದು ಆಗಲೂ ಇತ್ತು. ನನಗೆ ಅದು ರೂಢಿಯಾಗಿತ್ತು.

ಆ ವರ್ಷ ಮದುವೆ ಸೀಸನ್ನಿಗೆ ಮೊದಲು ಗ್ರಾಂಟ್ ರೋಡಿನಿಂದ ಒಂದು ಕರೆ ಬಂತು. ಕರೆದವರು ವಿಜಯಪುರ ಕಡೆಯ ಮೆಹಬೂಬ್‌ಸಾಬರು. ಸ್ಟೇಷನ್ನಿನ ಹತ್ತಿರದ ಒಂದು ಗಾಲಾದಲ್ಲಿ, ಅಂದರೆ ಬಾಗಿಲಿಗೆ ಶಟರ್ ಇರುವ ಒಂದೇ ಕೋಣೆಯ ವರ್ಕ್‌ಶಾಪಿನಲ್ಲಿ, ಅವರು ಹಿತ್ತಾಳೆಯ ಬ್ಲಾಕ್ ಕೊರೆಯುತ್ತಿದ್ದರು. ಮದುವೆ ಕಾರ್ಡಿನ ಮೇಲೆ ಹೊಳೆಯುವ ಹೆಸರುಗಳು ಮೂಡುವುದು ಇಂಥ ಬ್ಲಾಕಿನಿಂದ. ಡಿಸೈನ್ ತಯಾರಾಗುವುದು ಮುಂದಿನ ಟೇಬಲ್ಲಿನ ಹೊಸ ಕಂಪ್ಯೂಟರಿನಲ್ಲಿ. ಅದನ್ನು ಫ್ಲಾಪಿಗೆ ಹಾಕಿ ಹಿಂದಿನ ಹಳೆಯ ಕಂಪ್ಯೂಟರಿಗೆ ಕೊಟ್ಟರೆ ಅದು ಕೊರೆಯುವ ಯಂತ್ರವನ್ನು ನಡೆಸುತ್ತಿತ್ತು. ಆ ಹಳೆಯದು ಡಾಸ್ ಮೇಲೆ ಓಡುತ್ತಿತ್ತು. ಡಾಸ್ ಎಂದರೆ ವಿಂಡೋಸ್‌ಗಿಂತ ಮೊದಲಿನ ವ್ಯವಸ್ಥೆ. ಕಪ್ಪು ಪರದೆ, ಬಿಳಿ ಅಕ್ಷರ, ಹೇಳಿದಷ್ಟು ಮಾತ್ರ ಮಾಡುವ ಸ್ವಭಾವ.

ಈಗ ಅದು ಫ್ಲಾಪಿ ಓದುವುದನ್ನೇ ಬಿಟ್ಟಿತ್ತು. ಡ್ರೈವ್ ಬದಲಿಸಿ ನೋಡಿದೆ. ಕೆಟ್ಟಿದ್ದು ಡ್ರೈವ್ ಅಲ್ಲ, ಕಂಪ್ಯೂಟರಿನೊಳಗಿನ ಮುಖ್ಯ ಬೋರ್ಡಿನ ಮೇಲೆ ಫ್ಲಾಪಿ ನೋಡಿಕೊಳ್ಳುವ ಭಾಗವೇ ಸತ್ತಿತ್ತು. ಬೋರ್ಡ್ ಬದಲಿಸೋಣವೆಂದರೆ, ಕೊರೆಯುವ ಯಂತ್ರವನ್ನು ನಡೆಸುವ ಕಾರ್ಡು ಕೂರುವ ಸ್ಲಾಟು ಈಗಿನ ಯಾವ ಬೋರ್ಡಿನಲ್ಲೂ ಬರುವುದಿಲ್ಲ.

ಮೆಹಬೂಬ್‌ಸಾಬರ ತಮ್ಮ ರಫೀಕ್ ಬಾಗಿಲಲ್ಲೇ ನಿಂತಿದ್ದ. ಮುಂಬಯಿಯಲ್ಲೇ ಬೆಳೆದವನು, ಗಾಲಾದಲ್ಲಿ ಅರ್ಧ ಪಾಲು ಅವನದು.

"ಮೇಡಮ್, ಮಷೀನ್ ಬುಡ್ಢಾ ಆಗಿದೆ. ಗುಜರಿ ಭಂಗಾರ್‌ಗೆ ಹಾಕಿ ಗಾಲಾ ಭಾಡೆಗೆ ಕೊಡ್ತೀವಿ. ಮಹೀನಾ ಎಂಡಿಗೆ ಏಜೆಂಟ್ ಬರ್ತಾನೆ."

ಮೆಹಬೂಬ್‌ಸಾಬರು ನನ್ನ ಕಡೆ ತಿರುಗಿದರು. "ಜಾಗಾ ಕೊಟ್ರ ನಾ ಎಲ್ಲಿ ಕುಂಡ್ರಲಿ ಅಕ್ಕಾರ? ಈ ಕೆಲಸ ಬಿಟ್ರ ನನಗ ಬ್ಯಾರೇ ಏನೂ ಬರಂಗಿಲ್ರಿ."

ತಿಂಗಳ ಕೊನೆಯೊಳಗೆ ಯಂತ್ರ ನೆಟ್ಟಗೆ ಓಡಿದರೆ ಗಾಲಾ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ಅಣ್ಣತಮ್ಮಂದಿರ ನಡುವೆ ಒಪ್ಪಂದ ಆದದ್ದು ಹೀಗೆ.

ಹಳೆಯ ಕಂಪ್ಯೂಟರಿನ ಬೆನ್ನಿಗೆ ಯಾರೂ ಎಂದೂ ಬಳಸದ ಎರಡು ಯುಎಸ್‌ಬಿ ಕಿಂಡಿಗಳಿದ್ದವು. ತೊಂದರೆ ಏನೆಂದರೆ, ಡಾಸ್ ಹುಟ್ಟಿದಾಗ ಯುಎಸ್‌ಬಿ ಹುಟ್ಟಿರಲಿಲ್ಲ. ಪೆನ್‌ಡ್ರೈವ್ ಚುಚ್ಚಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಪರಿಚಯ ಮಾಡಿಸಲು ಎರಡು ಡ್ರೈವರ್, ಅಂದರೆ ಸಣ್ಣ ಪ್ರೋಗ್ರಾಂ, ಬೇಕು: ಒಂದು ಕಿಂಡಿಯ ಜೊತೆ ಮಾತಾಡುತ್ತದೆ, ಇನ್ನೊಂದು ಪೆನ್‌ಡ್ರೈವಿಗೆ ಡಿ ಎನ್ನುವಂಥ ಒಂದು ಅಕ್ಷರ ಕೊಡುತ್ತದೆ. ಯಾರೋ ಬೇರೆ ಯಾವುದೋ ಉಪಕರಣಕ್ಕೆ ಬರೆದ ಇಂಥ ಡ್ರೈವರುಗಳನ್ನು ಹಳೆಯ ಯಂತ್ರಗಳವರು ಕೈಯಿಂದ ಕೈಗೆ ದಾಟಿಸುತ್ತಾ ಬಂದಿದ್ದಾರೆ. ಅವನ್ನು ತಂದು, ಹಾರ್ಡ್‌ಡಿಸ್ಕ್ ಬಿಚ್ಚಿ ನನ್ನ ಕಂಪ್ಯೂಟರಿಗೆ ಜೋಡಿಸಿ ತುಂಬಿ, ಹಳೆಯ ಕಂಪ್ಯೂಟರ್ ಶುರುವಾಗುವಾಗ ಮೊದಲು ಓದುವ ಕಾನ್ಫಿಗ್ ಫೈಲಿನಲ್ಲಿ ಎರಡು ಸಾಲು ಸೇರಿಸಿದೆ.

ಪೆನ್‌ಡ್ರೈವ್ ಕಂಡಿತು, ಆದರೆ ಕೊರೆಯುವ ಪ್ರೋಗ್ರಾಂ ಮೆಮೊರಿ ಸಾಲದು ಎಂದು ನಿಂತಿತು. ಡಾಸ್‌ನಲ್ಲಿ ಎಲ್ಲರೂ ಕೂರಬೇಕಾದದ್ದು ೬೪೦ ಕೆಬಿಯೊಳಗೆ. ಡ್ರೈವರುಗಳೇ ಕಾಲು ಚಾಚಿ ಕುಳಿತರೆ ಮಂತ್ರಕ್ಕಿಂತ ಉಗುಳೇ ಹೆಚ್ಚು ಎಂದ ಹಾಗೆ. ಅವನ್ನು ಮೇಲಿನ ಮೆಮೊರಿಗೆ ಅಟ್ಟಿದೆ. ಆ ಡಾಸ್ ಎರಡು ಜಿಬಿಗಿಂತ ದೊಡ್ಡ ಭಾಗವನ್ನು ಓದುವುದಿಲ್ಲ, ಹಾಗಾಗಿ ಎಂಟು ಜಿಬಿಯ ಪೆನ್‌ಡ್ರೈವಿನಲ್ಲಿ ಎರಡನ್ನಷ್ಟೇ ಅದಕ್ಕೆ ತೋರಿಸಿ ಉಳಿದದ್ದನ್ನು ಮುಚ್ಚಿಟ್ಟೆ. ಸಂಜೆಗೆ ಹಿತ್ತಾಳೆಯ ಮೇಲೆ ಮೊದಲ ಅಕ್ಷರ ಮೂಡಿತು. ಸುಳ್ಳು ಯಾಕೆ ಹೇಳಲಿ, ಲೋಕಲ್ ರೈಲಿನಲ್ಲಿ ನಿಂತೇ ಮನೆಗೆ ಹೋದರೂ ಅವತ್ತು ಕಾಲು ನೋಯಲಿಲ್ಲ.

ಮರುದಿನ ಬೆಳಗ್ಗೆ ಫೋನ್.

"ಅಕ್ಕಾರ, ಮತ್ತ ಕಾಣವಲ್ದು."

"ಪೆನ್‌ಡ್ರೈವ್ ಹಾಕಿದ್ದೀರಾ?"

"ಹಾಕೇನ್ರಿ. ಲೈಟೂ ಹತ್ತೈತಿ."

ಮಧ್ಯಾಹ್ನ ಹೋದೆ. ಪೆನ್‌ಡ್ರೈವ್ ಕಿಂಡಿಯಲ್ಲೇ ಇತ್ತು. ಆಫ್ ಮಾಡಿ ಆನ್ ಮಾಡಿದೆ, ಕಂಡಿತು. ಅದರ ಮರುದಿನ ಬೆಳಗ್ಗೆ ಮತ್ತೆ ಅದೇ ಫೋನ್. ನಾನು ಹೋದರೆ ಓಡುತ್ತದೆ, ಬೆನ್ನು ತಿರುಗಿಸಿದರೆ ಇಲ್ಲ; ಡಾಕ್ಟರ್ ಬಂದಾಗಲೇ ಇಳಿಯುವ ಜ್ವರದಂತೆ. ಕಿಂಡಿ ಬದಲಿಸಿದೆ, ಪೆನ್‌ಡ್ರೈವ್ ಬದಲಿಸಿದೆ, ಬೆಳಗ್ಗೆ ಕರೆಂಟು ಏರುಪೇರಾಗುತ್ತದೆಯೇ ಎಂದು ಮೀಟರ್ ಹಿಡಿದೂ ನೋಡಿದೆ.

"ಮೇಡಮ್, ನಿಮ್ಮನ್ನೇ ನೌಕರಿಗೆ ಇಟ್ಕೋಬೇಕು ಕ್ಯಾ?" ಎಂದ ರಫೀಕ್. ನನಗೆ ಸಿಟ್ಟು ಬಂತು. ಅವನು ಹೇಳಿದ್ದರಲ್ಲಿ ತಪ್ಪಿಲ್ಲ ಎನ್ನುವುದಕ್ಕೇ ಹೆಚ್ಚು ಬಂತು.

ಇನ್ನು ಉಳಿದದ್ದು ಬೆಳಗ್ಗೆ ನಾನೇ ಅಲ್ಲಿರುವುದು. ಏಜೆಂಟ್ ಬರುವ ದಿನ ಶಟರ್ ತೆರೆಯುವ ಹೊತ್ತಿಗೆ ಹೋಗಿ, ಸ್ಟೂಲ್ ಮೇಲೆ ಕುಳಿತು, "ನಾನು ಇಲ್ಲ ಅಂತ ತಿಳಿದು ದಿನಾ ಮಾಡಿದ ಹಾಗೇ ಮಾಡಿ" ಎಂದೆ.

ಮೆಹಬೂಬ್‌ಸಾಬರು ಕಸ ಗುಡಿಸಿದರು. ಹಿಂದಿನ ಸಂಜೆಯ ಪೆನ್‌ಡ್ರೈವನ್ನು ಕಿಂಡಿಯಿಂದ ಕಿತ್ತು, ಮುಂದಿನ ಕಂಪ್ಯೂಟರಿಗೆ ಹಾಕಿ ಅವತ್ತಿನ ಡಿಸೈನ್ ತುಂಬಿ, ಜೇಬಿನಲ್ಲಿಟ್ಟುಕೊಂಡರು. ಬಿಸ್ಮಿಲ್ಲಾ ಎಂದು ಹಳೆಯ ಕಂಪ್ಯೂಟರಿನ ಸ್ವಿಚ್ ಒತ್ತಿದರು. ಕೆಂಡದ ಮೇಲೆ ಲೋಬಾನ ಹಾಕಿ ಹೊಗೆಯನ್ನು ಯಂತ್ರಕ್ಕೂ ಕಂಪ್ಯೂಟರಿಗೂ ತೋರಿಸಿದರು. ಆಮೇಲೆ ಜೇಬಿನಿಂದ ಪೆನ್‌ಡ್ರೈವ್ ತೆಗೆದು ಕಣ್ಣಿಗೊತ್ತಿ ಕಿಂಡಿಗೆ ಹಾಕಿದರು. ಪರದೆಯಲ್ಲಿ ಅದು ಕಾಣಲಿಲ್ಲ.

ಆ ಡ್ರೈವರುಗಳು ಕಿಂಡಿಯನ್ನು ನೋಡುವುದು ಒಂದೇ ಸಲ, ಕಂಪ್ಯೂಟರ್ ಶುರುವಾಗುವಾಗ. ಆಗ ಇಲ್ಲದ್ದು ಆಮೇಲೆ ಬಂದರೂ ಇಲ್ಲದ್ದೇ. ಫ್ಲಾಪಿಗೆ ಈ ಹಟ ಇರಲಿಲ್ಲ, ಯಾವಾಗ ಕೊಟ್ಟರೂ ಓದುತ್ತಿತ್ತು. ಆದ್ದರಿಂದ ಇಷ್ಟು ವರ್ಷ ಲೋಬಾನ ಯಾರ ಕೆಲಸಕ್ಕೂ ಅಡ್ಡ ಬಂದಿರಲಿಲ್ಲ.

"ಕಾಣದಿದ್ದಾಗ ಆಫ್ ಮಾಡಿ ಆನ್ ಮಾಡಿ ನೋಡಲಿಲ್ವೇನ್ರಿ?" ಎಂದು ಕೇಳಿದೆ.

"ಮಾಡಿದ್ನಿರಿ. ಪೆನ್‌ಡ್ರೈವ್ ತಗದು, ಮತ್ತ ಲೋಬಾನ ತೋರಿಸಿ, ಮೊದ್ಲಿಂದ ಎಲ್ಲಾ ಮಾಡಿದ್ನಿ. ಹತ್ಯಾರನ ಖಾಲಿ ಎಬ್ಬಸಬೇಕ್ರಿ ಅಕ್ಕಾರ. ಎದ್ದ ಮ್ಯಾಲ ಕೆಲಸಾ ಕೊಡಬೇಕು. ನಮ್ಮಪ್ಪ ಉಳಿ ಹಿಡಿದಾಗಿಂದ ನಮ್ಮ ರೀತಿ ಹಿಂಗ."

"ಪೆನ್‌ಡ್ರೈವ್ ಹಾಕಿಯೇ ಸ್ವಿಚ್ ಒತ್ತಿ" ಎಂದು ಹೇಳಿ ಎದ್ದು ಬರಬಹುದಿತ್ತು. ಅವರು ಹೂಂ ಎನ್ನುತ್ತಿದ್ದರು. ಆದರೆ ದಿನಾ ಬೆಳಗ್ಗೆ ಮನಸ್ಸು ಕಸಿವಿಸಿ ಮಾಡಿಕೊಂಡೇ ಕೆಲಸಕ್ಕೆ ಕೂರುತ್ತಿದ್ದರು, ಎಂದೋ ಒಂದು ದಿನ ಕೈ ತಾನಾಗಿ ಹಳೆಯ ರೀತಿಗೆ ಹೋಗುತ್ತಿತ್ತು. ಅದು ನನಗೆ ಬೇಕಿರಲಿಲ್ಲ.

ಆ ಡಾಸ್‌ನಲ್ಲಿ ಒಂದು ಸೌಕರ್ಯವಿತ್ತು. ಕಾನ್ಫಿಗ್ ಫೈಲಿನ ಸಾಲಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ, ಶುರುವಾಗುವ ದಾರಿಯಲ್ಲೇ ಕಂಪ್ಯೂಟರ್ ನಿಂತು, ಈ ಡ್ರೈವರ್ ಹಾಕಲೇ ಎಂದು ಕೇಳುತ್ತದೆ. ಹೌದಿಗೆ ವೈ, ಬೇಡಕ್ಕೆ ಎನ್ ಒತ್ತುವವರೆಗೆ ಮುಂದೆ ಹೋಗುವುದಿಲ್ಲ. ಮೊದಲ ಡ್ರೈವರಿನ ಸಾಲಿಗೆ ಆ ಚಿಹ್ನೆ ಹಾಕಿದೆ. "ಇದು ಎದ್ದು ನಿಮಗೆ ಕಾಯ್ತದ. ಲೋಬಾನ ತೋರಿಸ್ರಿ, ಪೆನ್‌ಡ್ರೈವ್ ಕೊಡ್ರಿ, ಆಮ್ಯಾಲ ವೈ ಒತ್ರಿ" ಎಂದೆ.

ಅವರು ಎಲ್ಲವನ್ನೂ ಮೊದಲಿನಿಂದ ಮಾಡಿದರು. ಕಂಪ್ಯೂಟರ್ ಕಾಯಿತು. ವೈ ಒತ್ತಿದರು, ಡಿ ಬಂತು. ಕಟರ್ ಹಿತ್ತಾಳೆಗೆ ಇಳಿಯಿತು.

ಏಜೆಂಟ್ ಮಧ್ಯಾಹ್ನ ಬಂದ. ಒಳಗೆ ಇಣುಕಿ ಗಾಲಾದ ಅಳತೆ ಕೇಳಿದ. ರಫೀಕ್ ಅಣ್ಣನ ಬೆನ್ನನ್ನು ಒಂದು ಕ್ಷಣ ನೋಡಿ, "ಗಾಲಾ ಖಾಲಿ ನಹೀ ಹೈ" ಎಂದ. ಮೆಹಬೂಬ್‌ಸಾಬರಿಗೆ ಕಟರಿನ ಸದ್ದಿನಲ್ಲಿ ಅದು ಕೇಳಿಸಲೇ ಇಲ್ಲ.

ನಿವೃತ್ತಿಯವರೆಗೂ ಹೊಸ ಇಂಜಿನಿಯರುಗಳಿಗೆ ನಾನು ಹೇಳುತ್ತಿದ್ದದ್ದು ಒಂದೇ: ಯಂತ್ರ ಬಿಚ್ಚುವ ಮೊದಲು ಅದನ್ನು ನಡೆಸುವವನ ಪಕ್ಕದಲ್ಲಿ ಒಂದು ಬೆಳಗ್ಗೆ ಸುಮ್ಮನೆ ಕುಳಿತು ಬನ್ನಿ. ಡ್ರೈವರ್, ಮೆಮೊರಿ ನನಗೆ ಚೆನ್ನಾಗಿಯೇ ಗೊತ್ತಿತ್ತು. ಅವತ್ತು ಆ ಸ್ಟೂಲ್ ಮೇಲೆ ಕೂರದೆ ಇದ್ದಿದ್ದರೆ, ಅಷ್ಟೆಲ್ಲ ಗೊತ್ತಿದ್ದೂ ಆ ಮನುಷ್ಯನಿಗೆ ಕೂರಲು ಜಾಗ ಉಳಿಯುತ್ತಿರಲಿಲ್ಲ.