ಪರಸಿ ಮನೆಯಲ್ಲೊಂದು ತಂಪಿನ ಜಾಗ

ಮೈಸೂರಿನಿಂದ ಸೇಡಂಗೆ ಬಂದಿಳಿದ ಮಧ್ಯಾಹ್ನ ಕಾಲು ತೊಳೆಯಲು ನಲ್ಲಿ ತಿರುಗಿಸಿದರೆ ಸುಡುವ ನೀರು ಬಂತು. ಗೀಸರ್ ಎಲ್ಲಿದೆ ಎಂದು ಹುಡುಕಿದೆ. ಇರಲಿಲ್ಲ, ಮಾಳಿಗೆ ಮೇಲಿನ ಟ್ಯಾಂಕೇ ಬಿಸಿಲಿಗೆ ಕಾದಿತ್ತು. ನೀರು ಕಾಯಿಸುವ ಕೆಲಸ ತಪ್ಪಿತಲ್ಲ ಎಂದು ರಾಯರಿಗೆ ಕೈಮುಗಿದೆ.

ನಮ್ಮವರಿಗೆ ಇಲ್ಲಿನ ಕಾಲೇಜಿಗೆ ವರ್ಗವಾಗಿತ್ತು. ಬಾಡಿಗೆಗೆ ಸಿಕ್ಕಿದ್ದು ಪರಸಿ ಮನೆ. ಪರಸಿ ಎಂದರೆ ಶಹಾಬಾದ ಕಡೆಯ ಹಾಸುಗಲ್ಲು. ನೆಲಕ್ಕೂ ಅದೇ, ಮಾಳಿಗೆಗೂ ಅದೇ. ಮೈಸೂರಿನಲ್ಲಿ ಹೊತ್ತು ಇಳಿದರೆ ಮನೆ ತಣ್ಣಗಾಗುತ್ತಿತ್ತು. ಇಲ್ಲಿ ಕಲ್ಲು ಹಗಲು ಕುಡಿದ ಬಿಸಿಲನ್ನು ಸಂಜೆಯಿಂದ ನಮ್ಮ ಮೇಲೆ ಬಿಡಲು ಶುರುಮಾಡುತ್ತದೆ. ಜೋಳದ ರೊಟ್ಟಿ ಬಡಿಯಲು ಬಾರದು, ಊರಲ್ಲಿ ಗುರುತಿನವರಿಲ್ಲ. ಜೊತೆಗೆಂದು ಇದ್ದವರು ಅತ್ತೆ ಒಬ್ಬರೇ.

ಆ ಅತ್ತೆಯೇ ಒಂದು ದಿನ ಪೂಜೆಯ ನಡುವೆ ತಲೆಸುತ್ತಿ ಗೋಡೆಗೊರಗಿದರು. “ತಂಪಿನಲ್ಲಿ ಇಡಿ, ಇಲ್ಲವೇ ಬೇಸಿಗೆ ಮುಗಿಯುವವರೆಗೆ ಊರಿಗೆ ಕಳಿಸಿ,” ಎಂದರು ಡಾಕ್ಟರು. ನಾದಿನಿ ಕರೆದೊಯ್ಯಲು ಸಿದ್ಧಳಿದ್ದಳು. ಅತ್ತೆ ಸೀರೆ ಮಡಿಸತೊಡಗಿದರು. ಅವರಿಲ್ಲದ ಮನೆಯಲ್ಲಿ ನಾನು ಯಾರೊಡನೆ ಮಾತಾಡಲಿ?

ಎಸಿ ನೋಡಲು ಹೋದೆವು. ಕೋಣೆ ಚಿಕ್ಕದು, ಒಂದು ಟನ್ ಸಾಕು, ಅಗ್ಗವೂ ಹೌದು ಎಂದು ನಾನು ಲೆಕ್ಕ ಹಾಕಿದ್ದೆ.

“ಮ್ಯಾಲ ಪರಸಿ ಅದ ಅಂದ್ರ ಅದು ಸಾಲಂಗಿಲ್ರಿ,” ಎಂದರು ಅಂಗಡಿಯವರು. “ಸಣ್ಣದು ದಿನವೆಲ್ಲಾ ಏದುಸಿರು ಬಿಟ್ಕೋತ ಓಡ್ತದ, ಕರೆಂಟೂ ತಿಂತದ.”

ಒಂದೂವರೆ ಟನ್ನಿನ ಇನ್ವರ್ಟರ್ ಆರಿಸಿದೆವು. ಕೋಣೆ ತಂಪಾದ ಮೇಲೆ ಅದು ತಾನೇ ನಿಧಾನವಾಗುತ್ತದಂತೆ. ಮೊಬೈಲಿನಿಂದ ಹಚ್ಚುವ ಸೌಕರ್ಯವೆಲ್ಲ ಬಿಟ್ಟು, ಐದು ನಕ್ಷತ್ರದ ಚೀಟಿ ಇದ್ದ ಸಾದಾ ಮಾದರಿ ತಂದೆವು. ಮಲಗುವ ಕೋಣೆಗೆ ಕೂರಿಸಿದರು. ಎಸಿ ಎಂದರೆ ಮಲಗುವ ಕೋಣೆಗೆ ತಾನೆ ಎಂದುಕೊಂಡಿದ್ದೆವು.

ಅತ್ತೆ ಬೆಳಿಗ್ಗೆ ಮಡಿಯುಟ್ಟರೆ ಪೂಜೆ, ಜಪ, ನೈವೇದ್ಯ, ಊಟ ಮುಗಿಯುವವರೆಗೆ ಹಾಸಿಗೆಯಿರುವ ಕೋಣೆಗೆ ಕಾಲಿಡುವವರಲ್ಲ. ಬಿಸಿಲು ಏರುವ ಹೊತ್ತೆಲ್ಲ ಅವರು ದೇವರ ಮನೆಯಲ್ಲಿ ಬೆವರುತ್ತಿದ್ದರೆ, ಹಾಸಿಗೆಗಳು ತಣ್ಣಗೆ ಮಲಗಿದ್ದವು. ಮತ್ತೆ ತಲೆಸುತ್ತು ಬಂತು. ನಾದಿನಿ ರೈಲಿಗೆ ಟಿಕೆಟ್ ಮಾಡಿಸಿಯೇಬಿಟ್ಟಳು.

ಮಜ್ಜಿಗೆ ಕೊಡಲು ಬಂದ ಪಕ್ಕದ ಮನೆಯ ಕಲಾವತಿ ಸೊಂಟದ ಮೇಲೆ ಕೈಯಿಟ್ಟು ನೋಡಿದರು.

“ವೈನಿ, ಎಸಿ ಗಾದಿಗಿ ಹಾಕ್ಸೀರೋ, ಅತ್ತಿಯವರಿಗಿ ಹಾಕ್ಸೀರೋ?”

“ದೇವರ ಮನೆಯಲ್ಲಿ ಹಾಕಿದರೆ ದೀಪ ಆರಿಹೋಗುತ್ತೆ ಕಲಾವತಿ.”

“ನಡುಮನಿ ಏನ್ ಪಾಪ ಮಾಡ್ಯದ್ರಿ? ಮಂಚಿಲ್ಲ, ಗಾದಿಲ್ಲ. ನೆಲ ಒರಸಿ ಕೊಟ್ರ ಅಲ್ಲೇ ಮಣಿ ಹಾಕ್ಕೊಂಡು ಕುಂದರ್ತಾರ.”

ಅತ್ತೆ ಒಳಗಿನಿಂದಲೇ ಕೇಳಿದರು: “ಗಾಳಿ ದೀಪದ ಕಡೆ ಬರಲ್ಲ ತಾನೆ?”

ಎಸಿ ಬಿಚ್ಚಿಸಿ, ನಡುಮನೆಯ ಗೋಡೆಗೆ, ಗಾಳಿ ದೀಪದ ಕಡೆ ಹೋಗದಂತೆ ದೇವರ ಮನೆಯ ಬಾಗಿಲಿನ ಮಗ್ಗುಲಿಗೆ ಹಾಕಿಸಿದೆವು. ಅಡುಗೆಮನೆ ಕಡೆಗೆ ದಪ್ಪ ಪರದೆ ಇಳಿಬಿಟ್ಟೆವು, ಮಾಳಿಗೆಗೆ ಸುಣ್ಣ ಬಳಿಸಿದೆವು. ಇಪ್ಪತ್ತಾರಕ್ಕಿಟ್ಟು ಫ್ಯಾನು ತಿರುಗಿಸಿದರೆ ಸಾಕಾಗುತ್ತದೆ. ಬಿಲ್ಲು ಹೆದರಿದಷ್ಟು ಬರಲಿಲ್ಲ. ಅತ್ತೆ ಮಣೆಯ ಮೇಲೆ ಕೂತು, ಅಲುಗದೆ ಉರಿಯುವ ದೀಪ ನೋಡುತ್ತ ಜಪ ಮುಗಿಸಿದರು. ಆಮೇಲೆ ಮಗಳಿಗೆ ಫೋನು ಹಚ್ಚಿ, “ಟಿಕೆಟ್ ವಾಪಸ್ ಮಾಡು,” ಎಂದರು. ಅಷ್ಟೇ. ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ.

ಮಳೆಗಾಲದಲ್ಲಿ ನಾದಿನಿಯ ಮನೆಯ ಪೂಜೆಗೆಂದು ಮೈಸೂರಿಗೆ ಹೋಗಿದ್ದೆವು. ತಂಪು ಗಾಳಿ, ನಮ್ಮದೇ ಮಾತು, ಗುರುತಿನ ಮುಖಗಳು. “ಇಲ್ಲೇ ಇದ್ದುಬಿಡಮ್ಮ,” ಎಂದಳು ನಾದಿನಿ.

“ಹಬ್ಬ ಬಂತಲ್ಲ, ಮನೆಗೆ ಹೋಗಬೇಕು,” ಎಂದರು ಅತ್ತೆ.

ಸೇಡಂ ಸ್ಟೇಷನ್ನಿನಲ್ಲಿ ಇಳಿದಾಗ ಕಲಾವತಿ ಎದುರು ಬಂದಿದ್ದರು. “ಪೂಜಿ ಹ್ಯಾಂಗಾಯ್ತ್ರಿ ಅವ್ವಾರ?” ಎಂದು ಕೇಳಿದರು.

ಅತ್ತೆ ಚೀಲ ಅವರ ಕೈಗೆ ಕೊಡುತ್ತ ಹೇಳಿದರು: “ಏನು ಹೇಳಲಿ ತಾಯಿ, ಎಲ್ಲಿಗೆ ಹೋದರೂ ನಮ್ಮೂರಿಗೆ ವಾಪಸ್ ಬಂದ ಹಾಗೆ ಯಾವುದೂ ಇಲ್ಲ.”